ಬದನೆ ಕಾಯಿ ಕಚ್ಚದಿದ್ದಕ್ಕೆ ನನ್ನ ಕೈಗುಣವೇ ಕಾರಣವಂತೆ!

ನನ್ನ ಕೈಯಲ್ಲಿದ್ದ ಬದನೆ ಸಸಿಯನ್ನು ನಮ್ಮ ಅತ್ತೆ ಕಿತ್ತುಕೊಂಡು ಪಕ್ಕದ ಮನೆ ಚಿಕ್ಕತಾಯಮ್ಮನ ಕೈಗೆ ಕೊಟ್ಟರು. ನಾಟಿಗೆ ಬಂದಿದ್ದ ಹೆಣ್ಣಾಳುಗಳೆಲ್ಲ ನೋಡುತ್ತಿದ್ದರು.

"ನೀನು ಅತ್ಲಾಗೆ ಬದಿನ ಮೇಲೆ ಕೂತ್ಕವ್ವ. ಈ ಸಲನಾರ ಕಾಯಿ ಕಚ್ಲಿ."

ತೊಂಬತ್ತರ ದಶಕದ ಮಾತು. ಪಾಂಡವಪುರದ ಹತ್ತಿರದ ಹಳ್ಳಿ, ನಾಲೆ ನೀರಿನ ಜಮೀನು. ಎಲ್ಲ ಕಡೆ ಕಬ್ಬು, ಮನೆ ಹಿಂದಿನ ಒಂದು ತುಂಡಿನಲ್ಲಿ ಮಾತ್ರ ತರಕಾರಿ. ನಾನು ಹೊಣಕೆರೆ ಕಡೆಯವಳು, ಮದುವೆಯಾಗಿ ಕೆಲವು ವರ್ಷ ಕಳೆದಿತ್ತು. ಮಕ್ಕಳಾಗಿರಲಿಲ್ಲ...

ನಮ್ಮಲ್ಲಿ ಮೊದಲ ಸಸಿಯನ್ನು ಮಕ್ಕಳಿರುವ ಹೆಂಗಸಿನ ಕೈಯಲ್ಲೇ ನೆಡಿಸುವುದು. ಹಿಂದಿನ ವರ್ಷ ಅತ್ತೆಗೆ ಜ್ವರ ಬಂದು, ಬೇರೆ ದಾರಿ ಕಾಣದೆ ನನ್ನಿಂದ ನೆಡಿಸಿದ್ದರು.

ಗಿಡ ಚೆನ್ನಾಗಿಯೇ ಎದ್ದಿತು. ಆಮೇಲೆ ಮೊದಲು ಅಲ್ಲೊಂದು ಇಲ್ಲೊಂದು, ಬರಬರುತ್ತಾ ಎಲ್ಲ ಗಿಡವೂ ಬೆಳೆಯುವುದನ್ನೇ ನಿಲ್ಲಿಸಿತು. ಎಲೆ ಪುಟಾಣಿಯಾಗಿ, ಒತ್ತೊತ್ತಾಗಿ ಬಂದು ಗಿಡವೆಲ್ಲ ಪೊರಕೆ ಕಟ್ಟಿನ ಹಾಗಾಯಿತು. ಹೂವೂ ಹಸಿರು. ಒಂದೇ ಒಂದು ಪೀಚು ಕಾಯಿ ಇಲ್ಲ.

ಗೊಬ್ಬರ ಸಾಲದು ಅಂತ ಮಾವ ಯೂರಿಯಾ ಹಾಕಿದರು. ಎಲೆ ಇನ್ನೂ ಬಂತು, ಕಾಯಿ ಬರಲಿಲ್ಲ. ಆಗ ಶುರುವಾಯಿತು ನೋಡಿ, ನೆಟ್ಟವಳ ಕೈಗುಣ ಅಂತ.

ಮಾವ ಕಬ್ಬು ಬೆಳೆದು ರೂಢಿಯಾದವರು. ಕಬ್ಬು ಕಡಿದು ಕೂಳೆ ಬಿಡುವ ಹಾಗೆ ಆ ಬದನೆ ಗಿಡಗಳನ್ನೂ ಮೋಟು ಕತ್ತರಿಸಿ, ಮತ್ತೆ ಚಿಗುರಲಿ ಅಂತ ಬಿಟ್ಟರು. ಹೊಸ ಸಸಿ ನೆಟ್ಟಿದ್ದು ಅದರ ಪಕ್ಕದಲ್ಲೇ. ಈ ಸಲ ನೆಟ್ಟವಳು ಚಿಕ್ಕತಾಯಮ್ಮ, ಮನೆ ತುಂಬ ಮಕ್ಕಳಿರುವವಳು.

ಅದೇ ಪುಟಾಣಿ ಎಲೆ. ಅದೇ ಹಸಿರು ಹೂವು.

ನನಗೆ ಒಳಗೊಳಗೇ ಸಮಾಧಾನವಾಯಿತು, ಸುಳ್ಳು ಯಾಕೆ ಹೇಳಲಿ. ಇನ್ನಾದರೂ ನನ್ನನ್ನು ಬಿಡುತ್ತಾರೆ ಅಂದುಕೊಂಡೆ.

ಬಿಟ್ಟರಾ? ಚಿಕ್ಕತಾಯಮ್ಮನ ಬಗ್ಗೆ ಒಬ್ಬರೂ ತುಟಿ ಪಿಟಕ್ಕೆನ್ನಲಿಲ್ಲ. ನಾಟಿ ದಿನ ನಾನು ಬದುವಿನ ಮೇಲೆ ಕೂತಿದ್ದೆನಲ್ಲ, ನನ್ನ ಕಣ್ಣು ಬಿತ್ತಂತೆ!

ಮೈಯೆಲ್ಲ ಉರಿದುಹೋಯಿತು. ಅಲ್ಲಿ ಕೂರು ಅಂದವರು ಯಾರು?

ಮಾರನೇ ದಿನ ಒಂದು ಗಿಡವನ್ನು ಬೇರುಸಮೇತ ಕಿತ್ತು, ಒದ್ದೆ ಗೋಣಿಯಲ್ಲಿ ಸುತ್ತಿಕೊಂಡು ಪಾಂಡವಪುರದ ಬಸ್ಸು ಹತ್ತಿದೆ. ಯಜಮಾನರನ್ನೂ ಕರೆದೆ. ಎಮ್ಮೆಗೆ ನೀರು ಕುಡಿಸಬೇಕು ಅಂದರು. ಸರಿ ಬಿಡಿ...

ತೋಟಗಾರಿಕೆ ಆಫೀಸಿನಲ್ಲಿದ್ದ ಆಫೀಸರು ಗಿಡವನ್ನು ಟೇಬಲ್ ಮೇಲೆ ಹರಡಿ, ಎಲೆ ತೊಟ್ಟು ನೋಡಿದರು, ಹೂವು ಬಿಡಿಸಿ ನೋಡಿದರು. ಇದು ಕಿರುಎಲೆ ರೋಗ ಅಂದರು. ಬ್ಯಾಕ್ಟೀರಿಯಾ ಜಾತಿಯದೇ ಒಂದು ಅತಿ ಸಣ್ಣ ಜೀವಿ ಗಿಡದ ರಸದಲ್ಲಿ ಸೇರಿಕೊಳ್ಳುತ್ತದಂತೆ. ಎಲೆಯಡಿ ಕೂರುವ ಜಿಗಿಹುಳು ಆ ರಸ ಹೀರಿ, ಒಳ್ಳೇ ಗಿಡಕ್ಕೆ ಹಾರಿ ಅದಕ್ಕೂ ಅಂಟಿಸುತ್ತದಂತೆ.

ವಾಸಿ ಮಾಡುವ ಔಷಧಿ ಇಲ್ಲ, ಕಂಡ ಕೂಡಲೇ ಗಿಡ ಕಿತ್ತು ಸುಡಬೇಕು ಅಂದರು. ಹಳೇ ಗಿಡ ಉಳಿಸಿಕೊಂಡಿದ್ದೀರಾ ಅಂತ ಕೇಳಿದರು. ಕೂಳೆ ಬಿಟ್ಟಿದ್ದೇವೆ ಅಂದೆ. ಬದನೆಗಾ ಅಂತ ತಲೆ ಮೇಲೆ ಕೈ ಇಟ್ಟುಕೊಂಡರು. ಆ ಹಳೇ ಗಿಡದಿಂದಲೇ ಹುಳು ಹೊಸ ಸಸಿಗೂ ರೋಗ ದಾಟಿಸಿದೆ ಅಂದರು.

ಹೊರಡುವಾಗ ತಡೆಯಲಾಗದೆ ಕೇಳಿಯೇಬಿಟ್ಟೆ. "ನೆಟ್ಟೋರ ಕೈಯಿಂದ ಬತ್ತದಾ ಸಾರ್ ಇದು?"

"ಇಲ್ಲಮ್ಮ. ಯಾರು ನೆಟ್ಟಿದ್ರೂ ಬರ್ತಿತ್ತು."

ಬಸ್‌ಸ್ಟ್ಯಾಂಡಿನಲ್ಲಿ ಕೂತು ಕಣ್ಣೊರೆಸಿಕೊಂಡೆ. ಒಂದು ಹುಳು ಮಾಡಿದ ಕೆಲಸಕ್ಕೆ ನಾನು ಎಷ್ಟು ಮಾತು ತಿಂದಿದ್ದೆ!

ಮನೆಗೆ ಬಂದು ಎಲ್ಲ ಹೇಳಿದೆ. ಮಾವ ನಂಬಿದರು, ಅದೇ ದೊಡ್ಡದು. ಇಬ್ಬರೂ ಸೇರಿ ರೋಗದ ಗಿಡ, ಕೂಳೆ ಗಿಡ ಎಲ್ಲ ಕಿತ್ತು ಸುಟ್ಟೆವು.

ಮುಂದಿನ ಬೆಳೆಗೆ ಸಾಲು ಸಾಲಿನಲ್ಲೂ ಬಗ್ಗಿ, ಎಲೆ ಮಗುಚಿ ನೋಡಿದವಳು ನಾನು. ಪುಟಾಣಿ ಎಲೆ ಕಂಡ ಗಿಡವನ್ನು ಅಲ್ಲೇ ಕಿತ್ತವಳು ನಾನು. ಮೊದಲ ಸಸಿ ಮಾತ್ರ ಮತ್ತೆ ಚಿಕ್ಕತಾಯಮ್ಮನ ಕೈಯಲ್ಲೇ. ಆ ಹೊತ್ತು ನನ್ನನ್ನು ಬದುವಿಗೂ ಬಿಡದೆ ಮನೆಯೊಳಗೆ ಕೂರಿಸಿದ್ದರು.

ಆ ಸಲ ಗಿಡ ಬಗ್ಗುವಷ್ಟು ಕಾಯಿ ಬಂತು. ಮೂಟೆ ಹೊಲಿಯುತ್ತಾ ಅತ್ತೆ ಹೇಳುತ್ತಾರೆ, "ಕೈಗುಣ ಅಂದ್ರೆ ಚಿಕ್ತಾಯಿದು ಕಣವ್ವ."

"ಹೋದ ಸಲ ಆ ಕೈ ಎಲ್ಲೋಗಿತ್ತು ಅತ್ತೆ?" ಅಂದೆ. ಅತ್ತೆ ಇನ್ನೊಂದು ಮೂಟೆ ಎಳೆದುಕೊಂಡರು. ಯಜಮಾನರು ದಾರ ಹುಡುಕುತ್ತಾ ಹೊರಗೆ ಹೋದರು.

ಅತ್ತೆ ಈಗಿಲ್ಲ. ನನಗೆ ಮಕ್ಕಳೂ ಆಗಲಿಲ್ಲ. ಆದರೆ ಆ ಸಿಟ್ಟು ಹಾಗೇ ಇದೆ, ಕರಗಲಿ ಅಂತ ನಾನೂ ಪ್ರಯತ್ನ ಪಟ್ಟಿಲ್ಲ.

ಮೊನ್ನೆ ನಾಟಿಗೆ ಮತ್ತೆ ಮಕ್ಕಳಿರುವವರನ್ನು ಹುಡುಕುತ್ತಿದ್ದರು. ನಮ್ಮ ಮೈದುನನ ಸೊಸೆ ತಾನಾಗಿಯೇ ಹೋಗಿ ಬದುವಿನ ಮೇಲೆ ಕೂತಿದ್ದಳು. ಅವಳಿಗಿನ್ನೂ ಮಕ್ಕಳಿಲ್ಲ.

ಅವಳನ್ನು ಎಬ್ಬಿಸಿ, ಮೊದಲ ಸಸಿಯನ್ನು ಅವಳ ಕೈಗೇ ಕೊಟ್ಟೆ. ನಾಲ್ಕು ಜನ ಗೊಣಗಿದರು. ಗೊಣಗಲಿ.

ನಿಮ್ಮ ಹೊಲದಲ್ಲಿ ಇವತ್ತು ಬದುವಿನ ಮೇಲೆ ಕೂತಿರುವವಳು ಯಾರು?