ಪಾಳಿ ಪಟ್ಟಿಯ ಹಿಂಬದಿ

ಸೂಳೆಕೆರೆಯ ನಾಲೆ ನೀರು ಯಾವ ದಿನ ಯಾರ ಗದ್ದೆಗೆ ಎಂಬ ಪಟ್ಟಿಯನ್ನು ಎಪ್ಪತ್ತರ ದಶಕದಲ್ಲಿ ನೀರಾವರಿ ಕಚೇರಿಯಲ್ಲಿ ಸ್ಟೆನ್ಸಿಲ್ ಕೊರೆದು ಅಚ್ಚು ಹಾಕುತ್ತಿದ್ದವನು ನಾನು. ಒಂದು ವರ್ಷ ಕಾಗದ ಸಾಲದೆ ಹಾಳೆಯ ಎರಡೂ ಬದಿಗೆ ಹಾಕಿದೆ. ಮುಂದೆ ಹೆಸರು, ಹಿಂದೆ ದಿನ. ಪಟ್ಟಿಯನ್ನು ಗೋಡೆಗೆ ನೇತುಹಾಕುವುದು ವಾಡಿಕೆ. ಕೆಳ ಅಂಚು ಹಿಡಿದು ಮೇಲೆತ್ತಿದರೆ ನೇರವಾಗಿ ಕಾಣಲೆಂದು ಹಿಂಬದಿಯನ್ನು ತಲೆಕೆಳಗಾಗಿ ಅಚ್ಚು ಮಾಡಿದ್ದೆ. ಹಾಗಾಗಿ ಮೊದಲ ಹೆಸರಿನ ಬೆನ್ನಿಗೆ ಕೊನೆಯ ದಿನ ಬಿದ್ದಿತ್ತು. ಗೊಂದಲವಾಗದಿರಲೆಂದು ಹೆಸರಿಗೂ ಅದರ ದಿನಕ್ಕೂ ಒಂದೇ ಕ್ರಮಸಂಖ್ಯೆ ಕೊಟ್ಟಿದ್ದೆ.

ಅದನ್ನು ನಂಬುವವರು ಯಾರು? ಪಟ್ಟಿಯಲ್ಲಿ ಮೊದಲಿದ್ದ ಯಜಮಾನರು ಹಾಳೆಯನ್ನು ಬಿಸಿಲಿಗೆ ಹಿಡಿದರು. "ಹಿಂದ್ಗಡೆ ಯಾಕೆ ಹಾಕಿದ್ರಿ? ಮುಚ್ಚಾಕೆ ತಾನೆ?" ಕಚೇರಿಯಲ್ಲಿ ಗುಂಡುಸೂಜಿಯ ಬದಲು ಇಟ್ಟಿದ್ದ ಜಾಲಿಮುಳ್ಳನ್ನೇ ಎತ್ತಿಕೊಂಡು ತಮ್ಮ ಹೆಸರಿಗೆ ಚುಚ್ಚಿದರು. ಅದು ಹಿಂದೆ ಕೊನೆಯ ದಿನದ ಮೇಲೆ ಹೊರಬಂತು.

"ಹೆಂಗೈತೆ ನೋಡ್ರಿ, ನನ್ನ ಪಾಳಿ ಕೊನೇಗೆ ತಳ್ಳ್ಯಾರೆ."

ಕ್ರಮಸಂಖ್ಯೆ ನೋಡಿ ಎಂದು ಗಂಟಲು ಹರಿದುಕೊಂಡೆ.

"ಸಂಖ್ಯೆ ನೀವು ಬರೆದಿದ್ದು. ಮುಳ್ಳು ಸುಳ್ಳು ಹೇಳತೈತಾ?"

ಉಳಿದವರೂ ಚುಚ್ಚಿ ನೋಡಿ ಸಂಜೆಯ ಹೊತ್ತಿಗೆ ಹಾಳೆ ಜರಡಿಯಾಗಿತ್ತು, ನನ್ನ ತಲೆಯೂ ಕೆಟ್ಟಿತ್ತು. ಆಗ ಬಂದ, ನಾಲೆಯ ತುದಿಯಲ್ಲಿ ಗದ್ದೆಯಿದ್ದ ಮುದುಕ. ಪ್ರತಿ ವರ್ಷ ಪಟ್ಟಿಯೇ ಮೋಸ ಎಂದು ಜಗಳ ತೆಗೆಯುತ್ತಿದ್ದ ಆಸಾಮಿ. ಎಲ್ಲರಿಗಿಂತ ಕೆಳಗಿದ್ದ ತನ್ನ ಹೆಸರಿಗೆ ಅವನೂ ಮುಳ್ಳು ಚುಚ್ಚಿ ತಿರುಗಿಸಿದ. ಅದು ಮೊದಲ ದಿನದ ಮೇಲಿತ್ತು.

ಹಾಳೆಯನ್ನು ನನ್ನ ಮುಂದಿಟ್ಟ. "ಈ ಸಲ ಪಟ್ಟಿ ಸರಿ ಐತೆ. ಯಾರು ಏನಂದ್ರೂ ತಿದ್ದಾಕೆ ಹೋಗಬ್ಯಾಡ್ರಿ."