ನಲವತ್ತು ಅಕ್ಷರಗಳ ನಾಗರತ್ನಮ್ಮ

ಬರೆಯುವಾಗ ನಾಗರತ್ನಮ್ಮನವರ ತುಟಿಗಳು ಅಲುಗುತ್ತಿದ್ದವು. ಪೀಣ್ಯದ ನಮ್ಮ ಗೇರ್ ಕಾರ್ಖಾನೆಯ ಪ್ರತಿಯೊಂದು ನಕ್ಷೆಯ ಮುದ್ರಿತ ಪ್ರತಿಯ ಹಿಂಬದಿಯಲ್ಲಿ, ನಲವತ್ತು ಇಂಗ್ಲಿಷ್ ಅಕ್ಷರ-ಅಂಕಿಗಳ ಅರ್ಥವಿಲ್ಲದ ಸಾಲೊಂದನ್ನು ಹಸಿರು ಶಾಯಿಯಲ್ಲಿ ನಕಲಿಸಿ, ಅದರ ಕೆಳಗೇ ಗ್ರಾಹಕರ ಸಹಿ ಹಾಕಿಸಿಕೊಳ್ಳುತ್ತಿದ್ದರು.

ಶಾಲೆಯ ಮೇಷ್ಟರ ಕೆಲಸ ಬಿಟ್ಟು ಅವರ ದಾಖಲೆ ವಿಭಾಗಕ್ಕೆ ಸೇರಿದ ನಾನು, ಕಾರ್ಖಾನೆಯವರೇ ಬರೆದು ತಿದ್ದುವ ಜಾಲಪುಟಗಳಾದ ವಿಕಿಗೆ ಲಗತ್ತಿಸಿದ ಕಡತಗಳೆಲ್ಲ ಸರ್ವರಿನಲ್ಲಿ ಅಂಥವೇ ಹೆಸರು ಹೊತ್ತು ಕುಳಿತಿರುವುದನ್ನು ಕಂಡು ಕಸಿವಿಸಿಗೊಂಡೆ. ಎಲ್ಲಕ್ಕೂ ಅರ್ಥವುಳ್ಳ ಹೆಸರಿಡುತ್ತೇನೆಂದು ನಾಗರತ್ನಮ್ಮನವರಿಗೆ ಹೇಳಿದೆ.

“ಮುಟ್ಬೇಡಿ ಮೇಷ್ಟ್ರೇ. ನೀವು ಕೊಡೋ ಹೆಸ್ರು ವಿಕಿ ಪುಟದಲ್ಲಿರತ್ತೆ. ಇದು ಫೈಲಿನ ಒಳಗಿರೋದನ್ನ ಲೆಕ್ಕ ಹಾಕಿ ಬಂದಿರೋ ಹೆಸ್ರು. ಒಳಗೆ ಒಂದು ಚುಕ್ಕಿ ಬದಲಾದ್ರೂ ಹೆಸ್ರೇ ಬೇರೆ ಆಗತ್ತೆ.”

“ಹಾಗಿದ್ದ ಮೇಲೆ ಕೈಯಲ್ಲಿ ಬರೆಯುವುದೇಕೆ?”

“ಕಂಪ್ಯೂಟರಿಗೆ ಕಂಪ್ಯೂಟರೇ ಸಾಕ್ಷಿ ಅಂದ್ರೆ ಯಾರ್ರೀ ನಂಬ್ತಾರೆ?”

ಆ ಮಾತಿನ ಬೆಲೆ ತಿಳಿದದ್ದು, ಒಂದು ಲಾಟ್ ಗೇರುಗಳು ಗ್ರಾಹಕರ ಯಂತ್ರಕ್ಕೆ ಕೂರದೆ ಹಿಂದಿರುಗಿದಾಗ. ತಾವು ಒಪ್ಪಿದ ನಂತರ ನಕ್ಷೆಯ ಅಳತೆಯನ್ನು ಯಾರೋ ತಿದ್ದಿದ್ದಾರೆಂದು ಅವರ ಅಧಿಕಾರಿ ಪಟ್ಟುಹಿಡಿದರು. ಮ್ಯಾನೇಜರ್ ನನ್ನತ್ತ ತಿರುಗಿದರು. “ಕ್ಯಾಂಟೀನ್ ಬೋರ್ಡಿನ ಕಾಗುಣಿತಾನೇ ತಿದ್ದದೆ ಬಿಟ್ಟಿಲ್ಲ ಇವ್ರು. ಡ್ರಾಯಿಂಗ್ ಬಿಡ್ತಾರಾ?” ಕೆಲಸ ಹೋಯಿತೆಂದೇ ನಾನು ಎಣಿಸಿದೆ.

ನಾಗರತ್ನಮ್ಮನವರು ಕಪಾಟಿನಿಂದ ಹಳೆಯ ಪ್ರತಿಯನ್ನು ತಂದು ಅಧಿಕಾರಿಯ ಮುಂದಿಟ್ಟರು.

“ಸಹಿ ನಿಮ್ದೇನಾ ಸಾರ್?”

“ನಂದೇ.”

“ಅದ್ರ ಮೇಲಿರೋದನ್ನ ಒಂದೊಂದಾಗಿ ಓದಿ.”

ಸರ್ವರಿನಲ್ಲಿದ್ದ ಕಡತದ ಹೆಸರನ್ನು ಎಲ್ಲರೆದುರೇ ಹೊಸದಾಗಿ ಲೆಕ್ಕ ಹಾಕಿಸಿದರು. ಅಧಿಕಾರಿ ಓದಿದಂತೆಲ್ಲ ನಾನು ಪರದೆಯ ಮೇಲೆ ಬೆರಳಿಟ್ಟು ತಾಳೆ ನೋಡಿದೆ. ನಲವತ್ತನೆಯದೂ ತಾಳೆಯಾಯಿತು.

ಅಧಿಕಾರಿ ಹಾಳೆ ತಿರುಗಿಸಿ ನಕ್ಷೆಯ ಅಳತೆಯನ್ನು ಮತ್ತೊಮ್ಮೆ ಓದಿದರು. “ಅಳತೆ ನಾವೇ ತಪ್ಪು ಕೊಟ್ಟಿದ್ವಿ ಅನ್ಸತ್ತೆ.”

“ಹಾಗಾದ್ರೆ ಮೇಷ್ಟ್ರ ಹತ್ರ ಕೂತು ಸರಿಯಾದ್ದು ಬರ್ಸಿ ಸಾರ್. ಇಂಥಾ ಕಣ್ಣು ನಿಮಗೆಲ್ಲಿ ಸಿಗತ್ತೆ,” ಎಂದರು ನಾಗರತ್ನಮ್ಮ. ಅಂದು ಕ್ಯಾಂಟೀನಿನಲ್ಲಿ ಮ್ಯಾನೇಜರೇ ನನಗೆ ಕಾಫಿ ತಂದುಕೊಟ್ಟರು.

ಅವರ ನಿವೃತ್ತಿಯ ದಿನ ಬಿನ್ನವತ್ತಳೆ ಬರೆದವನು ನಾನು. ವಿಕಿಗೆ ಲಗತ್ತಿಸಿ, ಮುದ್ರಿಸಿ, ಹಿಂಬದಿಯಲ್ಲಿ ಅದರ ನಲವತ್ತು ಅಕ್ಷರಗಳನ್ನು ಹಸಿರು ಶಾಯಿಯಲ್ಲೇ ನಕಲಿಸಿದ್ದೆ. ಅವರು ತುಟಿ ಅಲುಗಿಸುತ್ತ ಪರದೆಯ ಮೇಲಿನದರೊಡನೆ ಕೊನೆಯವರೆಗೂ ತಾಳೆ ನೋಡಿ, ಕೆಳಗೆ ಸಹಿ ಹಾಕಿದರು.

“ಇನ್ನು ಒಂದಕ್ಷರ ತಿದ್ದೋ ಹಾಗಿಲ್ಲ ಮೇಷ್ಟ್ರೇ.”

ದಾಸರಹಳ್ಳಿಯ ಬಸ್ಸು ಹತ್ತಿ ಹೋದವರು ಮತ್ತೆ ಈ ಕಡೆ ಬಂದಿಲ್ಲ. ಅವರು ಸಹಿ ಹಾಕಿದ ಆ ಪ್ರತಿ ಈಗ ವಿಭಾಗದ ಅವರ ಹಳೆಯ ಕಪಾಟಿನಲ್ಲಿ, ನಕ್ಷೆಗಳ ಜೊತೆಗೇ ಇದೆ. ಬಿನ್ನವತ್ತಳೆಯ ಮೂರನೆಯ ಸಾಲಿನಲ್ಲಿ ನನ್ನದೊಂದು ಕಾಗುಣಿತದ ತಪ್ಪು ಮೊನ್ನೆ ಕಣ್ಣಿಗೆ ಬಿತ್ತು.

ತಿದ್ದಿಲ್ಲ.