ಮಾವನ ಮೋಟಾರು, ಅತ್ತೆಯ ಭಾರ

ನಮ್ಮ ಅಡುಗೆಮನೆಯ ಕಿಟಕಿಯ ಬಾಗಿಲು ಗಾಳಿಗೆ ಬಡಿದುಕೊಳ್ಳದಂತೆ ನಾನೊಂದು ಮರದ ತುಂಡನ್ನು ಅಡ್ಡ ಇಟ್ಟಿದ್ದೇನೆ. ಹೆಬ್ಬಲಸಿನ ತುಂಡು; ನೀರು ಕುಡಿದು, ಎಣ್ಣೆ ಕುಡಿದು ಕಪ್ಪಾಗಿದೆ. ನಡುವೆ ಹೆಬ್ಬೆರಳು ತೂರುವಂಥ ಎರಡು ತೂತುಗಳಿವೆ, ಅಂಚಿನಲ್ಲಿ ಸಣ್ಣ ಮೊಳೆಗಳ ಗುರುತು. ಬಂದವರೆಲ್ಲ ದೊಡ್ಡ ತೂತುಗಳ ಬಗ್ಗೆ ಕೇಳುತ್ತಾರೆ. ಮೊಳೆಗಳ ಗುರುತನ್ನು ಇದುವರೆಗೆ ಯಾರೂ ಕೇಳಿಲ್ಲ. ನೀವು ಕೇಳುವವರೆಂದು ನಂಬಿ ಹೇಳುತ್ತೇನೆ, ದೊಡ್ಡ ತೂತುಗಳಿಂದಲೇ ಶುರುಮಾಡಿ.

ನನ್ನ ಸೋದರಮಾವನ ಮನೆ ಪೆರಾಬೆಯ ಕಡೆ, ಕುಮಾರಧಾರೆಯ ದಡದಲ್ಲಿ. ಕಡಬದಿಂದ ಸುಳ್ಯಕ್ಕೆ ಹಳೆಯ ಮಿಲಿಟರಿ ಜೀಪು ಓಡಿಸುತ್ತಿದ್ದ ಮಾವನಿಗೆ ಜೀಪು ಹೊಟ್ಟೆಪಾಡಾದರೆ ಹೊಳೆಯೇ ಪ್ರಾಣ. ಸಂಜೆ ಸಣ್ಣ ದೋಣಿಯಲ್ಲಿ ಗಾಳ ಬಿಟ್ಟು ಕೂತರೆ ಊಟಕ್ಕೆ ಕರೆದು ಕರೆದು ಅತ್ತೆಯ ಗಂಟಲು ಒಣಗಬೇಕು. ಅರುವತ್ತರ ದಶಕದ ಒಂದು ಮಳೆಗಾಲದಲ್ಲಿ ಜೀಪು ಚರಂಡಿಗೆ ಮಗುಚಿತು. ಜೀಪಿನ ಆಯುಷ್ಯವೂ ಮುಗಿಯಿತು, ಮಾವನ ಬಲಭುಜವೂ ಮೇಲೇಳದಾಯಿತು. ಒಂದೇ ಕೈಯಲ್ಲಿ ಹುಟ್ಟು ಹಾಕಿದರೆ ದೋಣಿ ಮುಂದೆ ಹೋಗದೆ ಗಾಣದ ಎತ್ತಿನ ಹಾಗೆ ಸುತ್ತುತ್ತದೆ. ಯಾರನ್ನಾದರೂ ಜೊತೆಗೆ ಕರೆಯಬಹುದಿತ್ತು, ನಿಜ. ಆದರೆ ಮಾವ ಬಾಯಾರಿದರೆ ನೀರು ಕೇಳುವುದಕ್ಕೂ ಸಂಕೋಚಪಡುವ ಮನುಷ್ಯ.

“ಹೊಳೆಗೆ ಬೆನ್ನು ಹಾಕಿ ಕೂತ್ಕೊಳ್ತಾರೆ ಮಗ. ಊಟವೂ ಸೇರುದಿಲ್ಲ,” ಎಂದು ಅತ್ತೆ ನನ್ನ ಮುಂದೆ ಕಣ್ಣೊರಸಿಕೊಂಡಿದ್ದರು. ಮಾವ ಹೊಳೆಗೆ ಮರಳದಿದ್ದರೆ ಬಹಳ ದಿನ ಬಾಳಲಾರರೆಂಬ ಭಯ ಅವರಿಗೆ, ನನಗೂ.

ಹಾಗಿರುವಾಗ ನವರಾತ್ರಿಯ ರಜೆಗೆ ನರಿಮೊಗರಿನ ಶಾಲೆಯಿಂದ ನಾನು ಬಂದು ನೋಡುತ್ತೇನೆ, ಮಾವ ಅಂಗಳದಲ್ಲಿ ಜೀಪಿನ ಡೈನಮೋವನ್ನು ತೊಡೆಯ ಮೇಲಿಟ್ಟುಕೊಂಡು ಕೂತಿದ್ದಾರೆ. ಇಂಜಿನ್ ತಿರುಗಿಸಿದರೆ ಕರೆಂಟು ಕೊಡುವ ಡೈನಮೋ, ಕರೆಂಟು ಕೊಟ್ಟರೆ ತಾನೇ ತಿರುಗಲೇಬೇಕೆಂಬುದು ಅವರ ಲೆಕ್ಕಾಚಾರ. ಅದಕ್ಕೊಂದು ಉದ್ದ ಸರಳು ಸೇರಿಸಿ, ಸರಳಿನ ತುದಿಗೆ ಜೀಪಿನದೇ ಫ್ಯಾನನ್ನು ಕತ್ತರಿಸಿ ಕೂರಿಸಿದ್ದರು. ಜೀಪಿನ ಬ್ಯಾಟರಿ ಪುತ್ತೂರಿಗೆ ಬಸ್ಸಿನಲ್ಲಿ ಹೋಗಿ ಚಾರ್ಜಾಗಿ ಬಂದಿತ್ತು. ದೋಣಿಯ ಹಿಂಬದಿಗೆ ಈ ಹೆಬ್ಬಲಸಿನ ತುಂಡನ್ನು ಬಿಗಿದು, ಎರಡು ತೂತು ಕೊರೆದು, ಬೋಲ್ಟು ಹಾಕಿ ಮೋಟಾರು ನಿಲ್ಲಿಸುವ ಹೊತ್ತಿಗೆ ಆಯುಧಪೂಜೆಯ ದಿನ ಬಂದೇಬಿಟ್ಟಿತು.

ಆ ದಿನ ಬೆಳಿಗ್ಗೆ ಅತ್ತೆ ಕತ್ತಿ, ಹಾರೆ, ಗಾಳದ ಕೋಲು, ಹುಟ್ಟು ಎಲ್ಲವನ್ನೂ ತೊಳೆದು, ಕುಂಕುಮ ಹಚ್ಚಿ, ಹೂವಿಟ್ಟು ಸಾಲಾಗಿ ಇಟ್ಟಿದ್ದರು. ಪೂಜೆಗಿಟ್ಟ ಆಯುಧವನ್ನು ಮರುದಿನದವರೆಗೆ ಮುಟ್ಟಬಾರದು. ಮಾವನಿಗೆ ತಾಳ್ಮೆ ಎಲ್ಲಿಯದು?

“ಹುಟ್ಟು ಮುಟ್ಟುವ ಹಾಗಿಲ್ಲ, ಸರಿ. ಮೋಟಾರಿಗೆ ಪೂಜೆ ಆಗ್ಲಿಲ್ಲವಲ್ಲ? ಪೂಜೆ ಆಗದ್ದು ಆಯುಧ ಹೇಗಾಗುದು?” ಎಂದರು.  ಮೂವರೂ ಹೊಳೆಗಿಳಿದೆವು.

ದೋಣಿಯ ಹಿಂದೆ ಮೋಟಾರು, ಅದರ ಪಕ್ಕ ಮಾವ. ನಡುವೆ ಬ್ಯಾಟರಿ, ಅದನ್ನು ಅಲುಗದಂತೆ ಹಿಡಿಯಲು ನಾನು. ಮುಂದಿನ ತುದಿ ಮಾತ್ರ ಆಕಾಶ ನೋಡತೊಡಗಿತು.

“ಮುಂದೆ ಒಂದು ಕಲ್ಲು ಇಡ್ಬೇಕು,” ಎಂದರು ಮಾವ.

“ಕಲ್ಲು ಯಾಕೆ, ನಾನು ಕೂತ್ರೆ ಆಗುದಿಲ್ವಾ?” ಎಂದರು ಅತ್ತೆ. ಮದುವೆಯಾಗಿ ಮೂವತ್ತು ವರ್ಷವಾದರೂ ಅವರು ಗಂಡನ ಮೀನಿನ ದೋಣಿ ಹತ್ತಿದವರಲ್ಲ; ಅವರ ಜಾಗ ದಡ. ದೇವರಗುಂಡಿಯ ಮೀನುಗಳಿಗೆ ಹಾಕಲು ಒಂದು ಅಡಿಕೆ ಹಾಳೆಯಲ್ಲಿ ಅಕ್ಕಿ, ಕೂರಲು ಇನ್ನೊಂದು ಹಾಳೆ ಹಿಡಿದು ಬಂದು ಕೂತರು. ದೋಣಿ ಸಮವಾಯಿತು.

ಮಾವ ತಂತಿ ಮುಟ್ಟಿಸಿದರು. ಮೋಟಾರು ಜೇನಿನ ಹಾಗೆ ಗುಂಯ್ಗುಟ್ಟಿತು, ದೋಣಿ ನಿಜವಾಗಿಯೂ ಮುಂದೆ ಹೋಯಿತು. ಎಷ್ಟೋ ತಿಂಗಳ ಮೇಲೆ ಮಾವ ನಕ್ಕದ್ದನ್ನು ನೋಡಿ ನನಗೆ ಅಳು ಬಂತು.

ಸ್ವಲ್ಪ ಕೆಳಗೆ ದೇವರಗುಂಡಿ. ಅಲ್ಲಿಯ ಮೀನುಗಳು ದೇವರವು, ಗಾಳ ಹಾಕುವುದಿಲ್ಲ. ಅಲ್ಲಿ ಹುಟ್ಟನ್ನು ಒಳಗೆಳೆದುಕೊಂಡು, ಅಕ್ಕಿ ಹಾಕಿ, ಸದ್ದಿಲ್ಲದೆ ತೇಲಿಕೊಂಡು ಹೋಗುವುದು ಹಿಂದಿನಿಂದ ಬಂದ ಕ್ರಮ. ಮಾವ ಮೋಟಾರು ನಿಲ್ಲಿಸಿದರು. ಅತ್ತೆ ಅಕ್ಕಿ ಎರಚಿದರು. ಕಪ್ಪು ಬೆನ್ನಿನ ದೊಡ್ಡ ಮೀನುಗಳು ಮೇಲೆ ಬಂದು, ನಮ್ಮನ್ನು ವಿಚಾರಿಸಿಕೊಂಡು, ಕೆಳಗಿಳಿದವು. ಗುಂಡಿ ದಾಟಿದ ಮೇಲೆ ಮಾವ ಮತ್ತೆ ತಂತಿ ಮುಟ್ಟಿಸಿದರು. ಬ್ಯಾಟರಿ ಸತ್ತಿತ್ತು. ಹುಟ್ಟು ಮನೆಯಲ್ಲಿ ಹೂ ಮುಡಿದು ಕೂತಿತ್ತು.

 ಮಾವ ಅಕ್ಕಿಯ ಖಾಲಿ ಹಾಳೆಯನ್ನು ಎಡಗೈಯಲ್ಲಿ ತೆಗೆದುಕೊಂಡು ನೀರು ತಳ್ಳಿದರು. ದೋಣಿ ಸುತ್ತಿತು. ಇನ್ನೊಮ್ಮೆ ತಳ್ಳಿದರು, ಇನ್ನೊಮ್ಮೆ ಸುತ್ತಿತು. ಅವರ ಮುಖ ನೋಡಲಾಗದೆ ನಾನು ಬ್ಯಾಟರಿಯನ್ನು ನೋಡುತ್ತ ಕೂತೆ. ಆಗ ಮುಂದಿನ ತುದಿಯಲ್ಲಿ ನೀರಿನ ಸದ್ದಾಯಿತು. ಅತ್ತೆ ತಾವು ಕೂತಿದ್ದ ಹಾಳೆಯನ್ನೇ ಎಳೆದು, ಬಲಬದಿಗೆ ಬಾಗಿ ನೀರು ತಳ್ಳುತ್ತಿದ್ದರು. ಮಾವನ ತಾಳಕ್ಕೆ ಸರಿಯಾಗಿ, ಅವರು ತಳ್ಳಿದಾಗ ತಾವೂ ತಳ್ಳಿ. ದೋಣಿ ಸುತ್ತುವುದನ್ನು ಬಿಟ್ಟು ಮನೆಯ ಕಡೆ ತಿರುಗಿತು.

“ನೀನು ಯಾವಾಗ ಕಲ್ತದ್ದು ಮಾರಾಯ್ತಿ?”

“ನಿಮ್ಮನ್ನು ನೋಡಿಯೇ. ಇಷ್ಟು ವರ್ಷ ದಡದಲ್ಲಿ ನಿಂತು ನಾನು ಬೇರೆ ಎಂತ ನೋಡುದು?”

 ಮಾವನ ಎಡಗೈ ಅತ್ತೆಯ ಕೈಗಾಗಿ ಒಂದು ಗಳಿಗೆ ಕಾದು, ಮತ್ತೆ ನೀರಿಗಿಳಿಯುತ್ತಿತ್ತು.

ಕೇಳಲು ನಾಚಿಕೊಳ್ಳುವವರಿಗಾಗಿಯೇ ಯಂತ್ರಗಳು ಹುಟ್ಟಿರಬೇಕೆಂದು ನನಗೆ ಒಮ್ಮೊಮ್ಮೆ ತೋರುತ್ತದೆ. ಯಂತ್ರದ ಉಪಕಾರ ಸ್ಮರಿಸಬೇಕಾಗಿಲ್ಲ, ನೋಡಿ. ಮಾವ ಒಂದು ಕೈಗೆ ಬದಲಾಗಿ ಏನೇನನ್ನೆಲ್ಲ ಜೋಡಿಸಿದರು! ಅತ್ತೆಯಾದರೂ ತಾವಾಗಿ ಬರುತ್ತೇನೆ ಎಂದವರಲ್ಲ. ಅವರೂ ಕಲ್ಲಿನ ನೆವ ಹಿಡಿದೇ ದೋಣಿ ಹತ್ತಿದ್ದು. ಎಷ್ಟೋ ಪ್ರೀತಿಗೆ ಹೀಗೊಂದು ನೆವ ಬೇಕಾಗುತ್ತದೆಯೋ ಏನೋ.

ಮರುದಿನ ವಿಜಯದಶಮಿ. ಹುಟ್ಟಿನ ಹೂವು ತೆಗೆದ ಮೇಲೆ ಮಾವ ದೋಣಿಯ ಬಳಿಗೆ ಹೋಗಿ ಬೋಲ್ಟು ಬಿಚ್ಚಿದರು. ಮೋಟಾರು ಕೊಟ್ಟಿಗೆಯ ಅಟ್ಟ ಸೇರಿತು. ಮರದ ತುಂಡನ್ನು ಮಾತ್ರ ಅವರು ದೋಣಿಯ ಮುಂದಿನ ತುದಿಗೆ ಒಯ್ದು, ಎಡಗೈಯಲ್ಲಿ ಸುತ್ತಿಗೆ ಹಿಡಿದು, ಬೆರಳಿಗೂ ನಾಲ್ಕೇಟು ಹಾಕಿಕೊಂಡು, ಅಂಚಿಗೆ ಮೊಳೆ ಹೊಡೆದು ಕೂರಿಸಿದರು. ಅತ್ತೆ ಬಂದು ಏನೆಂದು ಕೇಳಿದರು.

“ಬರೀ ಹಾಳೆಯಲ್ಲಿ ಕೂತ್ರೆ ಸೀರೆ ಒದ್ದೆ ಆಗ್ತದೆ,” ಎಂದರು ಮಾವ, ಮುಖ ಎತ್ತದೆ.